ತಾರಸಿಯ ಹೊಗೆ, ಅಡುಗೆಮನೆಯ ಹೊಗೆ

ದಕ್ಷಿಣ ಬೆಂಗಳೂರಿನಲ್ಲಿ ಹೊಗೆಗೂ ಜಾತಿ ಇದೆ. ಬಾಡಿಗೆ ಮನೆ ಹುಡುಕಿ ಚಪ್ಪಲಿ ಸವೆಸಿದವರು ಹೇಳುತ್ತಿದ್ದೇವೆ, ಕೇಳಿ.

ಜೆ.ಪಿ. ನಗರದ ಸ್ವಂತ ಮನೆಯ ತಾರಸಿ. ಭಾನುವಾರ ಸಂಜೆ. ಅಲ್ಲೊಂದು ಕರಿ ಕಬ್ಬಿಣದ ಡಬ್ಬ, ಅದಕ್ಕೆ ಸ್ಮೋಕರ್ ಅಂತ ಹೆಸರು. ಒಳಗೆ ಇದ್ದಿಲು, ಇದ್ದಿಲ ಮೇಲೆ ಹೊರದೇಶದಿಂದ ಬಂದ ಸೇಬಿನ ಮರದ ಚಕ್ಕೆ, ಜಾಲರಿಯ ಮೇಲೆ ಸಾಲಾಗಿ ಮಲಗಿಸಿದ ಕೋಳಿ ರೆಕ್ಕೆ. ಯಜಮಾನರು ಗಡಿಯಾರ ನೋಡ್ತಾರೆ, ಶಾಖದ ಮುಳ್ಳು ನೋಡ್ತಾರೆ, ಗೆಳೆಯರಿಗೆ ಪಾಠ ಹೇಳ್ತಾರೆ. ಹೊಗೆ ಪಕ್ಕದ ಮನೆಗೂ ಹೋಗುತ್ತೆ, ಎದುರು ಮನೆಗೂ ಹೋಗುತ್ತೆ. ಯಾರೂ ಮೂಗು ಮುಚ್ಚಲ್ಲ. ಅದು ಹವ್ಯಾಸ. ಅದು ಅಭಿರುಚಿ. ಅದು ಫಾರಿನ್ನು.

ಅದೇ ಮನೆಯ ಗೇಟಿನ ಮೇಲೆ ಒಂದು ಬೋರ್ಡು: ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ.

ನಗಬೇಡಿ. ಇಂಥ ಬೋರ್ಡು ಇಂಥ ತಾರಸಿಯ ಕೆಳಗೇ ತೂಗುತ್ತೆ. ಕೋಳಿ ತಿನ್ನುವ ಮಾಲೀಕ ಕೋಳಿ ತಿನ್ನದ ಬಾಡಿಗೆದಾರನನ್ನು ಹುಡುಕುತ್ತಾನೆ. ಹಾಗಾದರೆ ಆತನಿಗೆ ಬೇಡವಾದದ್ದು ಕೋಳಿಯೋ, ಕೋಳಿ ತಿನ್ನುವ ನಾವೋ?

ನಾವು ಅಂದರೆ ಹಟ್ಟಿಯಿಂದ ಮೊದಲ ಸಲ ಡಿಗ್ರಿ ತಗೊಂಡು ಬಂದವರು. ಚಾಮರಾಜನಗರ, ಮಳವಳ್ಳಿ, ಕನಕಪುರ, ಕೋಲಾರದ ಕಡೆಯವರು. ನಮ್ಮಪ್ಪಂದಿರು ಹೆಬ್ಬೆಟ್ಟು, ನಮ್ಮವ್ವಂದಿರು ಹೆಬ್ಬೆಟ್ಟು. ನಾವು ಜಯನಗರದ ಪುಸ್ತಕದಂಗಡಿ ಮುಂದೆ ನಿಂತು ಕವಿತೆ ಓದಿಕೊಂಡವರು. ತಾವರೆಕೆರೆಯ ಗಲ್ಲಿಯಲ್ಲಿ ಒಂದು ರೂಮಿಗೆ ಮೂವರು ಸೇರಿ ಬಾಡಿಗೆ ಕಟ್ಟುವವರು. ಈ ಲೇಖನ ಕೋಳಿ ರೆಕ್ಕೆಯ ಮೇಲೆ. ಕ್ರಾಂತಿಯ ಬಗ್ಗೆ ಬರೆಯೋದು ಬಿಟ್ಟು ಕೋಳಿ ರೆಕ್ಕೆಯ ಮೇಲೆ ಬರೀತಾರಲ್ಲ ಅಂತ ಯಾರಾದರೂ ಗೊಣಗಿದರೆ ಅವರಿಗೆ ನಮ್ಮ ಉತ್ತರ ಇಷ್ಟೆ: ಈ ದೇಶದಲ್ಲಿ ಜಾತಿ ಇರೋದು ತಟ್ಟೆಯಲ್ಲಿ. ತಟ್ಟೆ ಬಿಟ್ಟು ಕ್ರಾಂತಿ ಮಾಡುವವರು ಮಾಡಲಿ.

ಮೊದಲು ಈ ಹೊಗೆಯ ವಂಶಾವಳಿ ನೋಡೋಣ.

ಹೊಗೆಯಲ್ಲಿ ಮಾಂಸ ಇಡೋದನ್ನು ನಮಗೆ ಯಾವ ಸ್ಮೋಕರ್ ಕಂಪನಿಯೂ ಕಲಿಸಲಿಲ್ಲ. ಹಟ್ಟಿಯ ಗುಡಿಸಲಲ್ಲಿ ಒಲೆ ಮೇಲೆ ದಾರ ಕಟ್ಟಿರುತ್ತಿತ್ತು. ಉದ್ದುದ್ದ ಸೀಳಿದ ಬಾಡಿಗೆ ಉಪ್ಪು ಅರಿಶಿನ ಸವರಿ, ಬಿಸಿಲಿಗೆ ಹಾಕಿ, ರಾತ್ರಿ ಒಲೆಯ ಮೇಲಿನ ದಾರಕ್ಕೆ ತಂದು ತೂಗುಹಾಕುತ್ತಿದ್ದರು. ಕೊರಬಾಡು ಅಂದರೆ ಅದೇ. ಉಪ್ಪು ನೀರು ಎಳೆಯುತ್ತೆ, ಬಿಸಿಲು ಒಣಗಿಸುತ್ತೆ, ಹೊಗೆಯಲ್ಲಿರುವ ರಾಸಾಯನಿಕಗಳು ಕೊಳೆಸುವ ಹುಳವನ್ನು ತಡೆಯುತ್ತವೆ. ಇದು ವಿಜ್ಞಾನ. ಫ್ರಿಜ್ಜು ಇಲ್ಲದ, ಕರೆಂಟು ಇಲ್ಲದ, ನಾಳೆ ಕೂಲಿ ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ಜನ ಮಳೆಗಾಲ ದಾಟಲು ಕಂಡುಕೊಂಡ ವಿಜ್ಞಾನ. ಕೋಳಿ ಕುಯ್ದರೆ ಪುಕ್ಕ ಕಿತ್ತು, ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಅರಿಶಿನ ಬಳಿದು ತೊಳೆಯುತ್ತಿದ್ದರು. ಆ ಸುಟ್ಟ ತೊಗಲಿನ ಕಂಪು ಸಾರಿಗೆ ಇಳಿಯುತ್ತಿತ್ತು. ಇವತ್ತು ಹೋಟೆಲಿನ ಮೆನುವಿನಲ್ಲಿ ಸ್ಮೋಕಿ ಅಂತ ಬರೆದು ಕಾಸು ಕೀಳೋದು ಇದೇ ಕಂಪಿಗೆ.

ಬಾರ್ಬೆಕ್ಯು ಅನ್ನೋ ಮಾತು ಎಲ್ಲಿಂದ ಬಂತು? ಕೆರಿಬಿಯನ್ ದ್ವೀಪಗಳ ಟೈನೋ ಜನರಿಂದ. ಅವರು ಕಡ್ಡಿಗಳ ಅಟ್ಟ ಕಟ್ಟಿ, ಕೆಳಗೆ ಬೆಂಕಿ ಹಾಕಿ, ಮೀನು ಮಾಂಸವನ್ನು ಹೊಗೆಗೆ ಇಡುತ್ತಿದ್ದರು. ಆ ಅಟ್ಟದ ಹೆಸರು ಸ್ಪ್ಯಾನಿಷರ ಬಾಯಲ್ಲಿ ಬಾರ್ಬಕೋವಾ ಆಯಿತು, ಇಂಗ್ಲಿಷರ ಬಾಯಲ್ಲಿ ಬಾರ್ಬೆಕ್ಯು ಆಯಿತು. 1492ರಲ್ಲಿ ಕೊಲಂಬಸ್ ಬಂದಿಳಿದದ್ದು ಆ ಜನರ ನಡುವೆಯೇ. ಮುಂದಿನ ಕೆಲವೇ ದಶಕಗಳಲ್ಲಿ ಗುಲಾಮಗಿರಿಯಿಂದ, ರೋಗದಿಂದ, ಕತ್ತಿಯಿಂದ ಅವರಲ್ಲಿ ಬಹುಪಾಲು ಜನ ನಾಶವಾದರು. ಮಾತು ಉಳಿಯಿತು. ಆಮೇಲೆ ಅಮೆರಿಕದ ದಕ್ಷಿಣದ ತೋಟಗಳಲ್ಲಿ ರಾತ್ರಿಯಿಡೀ ಎದ್ದಿದ್ದು ಗುಂಡಿಯ ಬೆಂಕಿ ಕಾಯ್ದವರು ಯಾರು? ಆಫ್ರಿಕದಿಂದ ಹಿಡಿದು ತಂದ ಕಪ್ಪು ಗುಲಾಮರು. ಬೆಂಕಿ ಅವರದು, ಬೆವರು ಅವರದು, ಔತಣ ಒಡೆಯರದು.

ಕೋಳಿ ರೆಕ್ಕೆಯ ಕತೆಯೂ ಇದೇ ದಾರಿಯದು. ಮೂಳೆಯೇ ಹೆಚ್ಚು, ಮಾಂಸ ಕಡಿಮೆ ಅಂತ ಅಮೆರಿಕದಲ್ಲಿ ಅದು ಬಹುಕಾಲ ಅಗ್ಗದ ತುಂಡು, ಸಾರು ಕುದಿಸೋಕೆ ಹಾಕುವ ತುಂಡು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಆಂಕರ್ ಬಾರ್ ಎಂಬ ಹೋಟೆಲಿನಲ್ಲಿ ತೆರೆಸಾ ಬೆಲ್ಲಿಸಿಮೋ ಎಂಬ ಹೆಂಗಸು ಅದನ್ನು ಕರಿದು ಖಾರದ ಸಾಸಿನಲ್ಲಿ ಹೊರಳಿಸಿ ಕೊಟ್ಟಳು ಅನ್ನುತ್ತಾರೆ. ಅಲ್ಲಿಂದ ರೆಕ್ಕೆಗೆ ಬೆಲೆ ಬಂತು. ಈಗ ಬಿಟಿಎಂ ಲೇಔಟಿನ ಮುಖ್ಯರಸ್ತೆಯಲ್ಲೂ ವಿಂಗ್ಸ್ ಅಂತ ಬೋರ್ಡು.

ನಮ್ಮ ಮನೆಗಳಲ್ಲಿ ರೆಕ್ಕೆ ಯಾರ ಪಾಲು? ಇದನ್ನೂ ಮುಚ್ಚಿಡದೆ ಹೇಳಬೇಕು. ತೊಡೆ ನೆಂಟರಿಗೆ, ಮನೆ ಗಂಡಸರಿಗೆ. ಈಲಿ ಗಂಡುಮಕ್ಕಳಿಗೆ. ಕತ್ತು, ರೆಕ್ಕೆ, ತಳದ ಸಾರು ಅವ್ವನಿಗೆ. ಹೊಗೆ ಕುಡಿದು ಬೇಯಿಸಿದವಳಿಗೆ ಮೂಳೆ. ಮೇಲ್ಜಾತಿಯವರು ನಮಗೆ ಮಾಡಿದ್ದನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ಮಾಡುವ ಮನೆಗಳಿವೆ. ತಟ್ಟೆಯಲ್ಲಿ ಜಾತಿ ಹುಡುಕುವ ಕಣ್ಣು ತಟ್ಟೆಯಲ್ಲಿ ಗಂಡಸುತನವನ್ನೂ ಹುಡುಕಲಿ.

ಈಗ ಗೇಟಿನ ಬೋರ್ಡಿಗೆ ಬರೋಣ.

ಬೋರ್ಡು ಇಲ್ಲದ ಕಡೆ ಸಂದರ್ಶನ ಇರುತ್ತೆ. ನಮ್ಮಲ್ಲೊಬ್ಬ ಗೆಳೆಯ ಬನಶಂಕರಿಯಲ್ಲಿ ಒಂದು ಮನೆ ನೋಡೋಕೆ ಹೋದ. ಮಾಲೀಕರು ಬಲು ಮರ್ಯಾದಸ್ಥರು. ಏನಪ್ಪಾ ಕೆಲಸ, ಎಷ್ಟು ಸಂಬಳ ಅಂತ ಕೇಳಿದರು. ಅಲ್ಲಿಗೆ ಸರಿ. ಆಮೇಲೆ ಶುರುವಾಯ್ತು. "ಯಾವ ಕಡೆಯವರಪ್ಪಾ ನೀವು?" "ಕೊಳ್ಳೇಗಾಲದ ಕಡೆ ಸಾರ್." "ಅದು ಗೊತ್ತಾಯ್ತು, ಅಂದ್ರೆ... ಯಾವ ಜನ?" ಗೆಳೆಯ ಸುಮ್ಮನಿದ್ದ. "ಬೇಜಾರು ಮಾಡ್ಕೋಬೇಡಿ, ನಾವು ಜಾತಿಗೀತಿ ನೋಡೋರಲ್ಲ. ಮನೆಯಲ್ಲಿ ನಾನ್‌ವೆಜ್ ಮಾಡ್ತೀರಾ?" "ಮಾಡ್ತೀವಿ ಸಾರ್." "ಹಂಗಾದ್ರೆ ಕಷ್ಟ ಕಣಪ್ಪಾ. ನಮ್ಮನೇಲಿ ದೇವರಿದೆ."

ನಮ್ಮನೇಲೂ ದೇವರಿದೆ ಸ್ವಾಮಿ. ನಮ್ಮ ದೇವರು ಮಾರಮ್ಮ, ಅವಳು ಕೋಳಿ ಕೇಳ್ತಾಳೆ.

ಜಾತಿ ನೋಡಲ್ಲ, ಊಟ ನೋಡ್ತೀವಿ ಅನ್ನೋ ಈ ಮಾತಿನ ಹಿಂದಿನ ಚಾಲಾಕಿತನ ನಮ್ಮ ಓದುಗರಿಗೆ ಅರ್ಥವಾಗಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಆ ಕಾಯ್ದೆಯ 4ನೇ ಸೆಕ್ಷನ್ ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬ ಮನುಷ್ಯ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸ ಮಾಡುವುದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ನೀನು ಹೊಲೆಯ, ನೀನು ಮಾದಿಗ, ನಿನಗೆ ಮನೆ ಕೊಡಲ್ಲ ಅಂದರೆ ಪೊಲೀಸ್ ಸ್ಟೇಷನ್ ಇದೆ, ಕೋರ್ಟಿದೆ. ಅದಕ್ಕೇ ಯಾರೂ ಹಾಗನ್ನಲ್ಲ. ನೀನು ಬಾಡು ತಿನ್ತೀಯ, ಮನೆ ಕೊಡಲ್ಲ ಅಂತಾರೆ. ಕೊಡದಿರುವ ಮನೆ ಅದೇ, ಹೊರಗೆ ನಿಂತವನೂ ಅವನೇ. ಕಾನೂನಿನ ಕೈಗೆ ಮಾತ್ರ ಏನೂ ಸಿಗಲ್ಲ. ಮಡಿ ಮೈಲಿಗೆಗೆ ಇಂಗ್ಲಿಷು ಕಲಿಸಿ ಪ್ಯೂರ್ ವೆಜ್ ಅಂತ ನಾಮಕರಣ ಮಾಡಿದ್ದಾರೆ. ಪ್ಯೂರ್ ಅಂದರೆ ಶುದ್ಧ. ಅವರು ಶುದ್ಧವಾದರೆ ಎದುರಿಗೆ ನಿಂತ ನಾವೇನು?

ಯಾರು ಬಹುಸಂಖ್ಯಾತರು ಅನ್ನೋದನ್ನೂ ನೋಡಿ. 2014ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಾಂಸಾಹಾರಿಗಳು ನೂರಕ್ಕೆ ಸುಮಾರು 79. ಒಕ್ಕಲಿಗರು ತಿಂತಾರೆ, ಕುರುಬರು ತಿಂತಾರೆ, ಬೇಡರು ತಿಂತಾರೆ, ಬೆಸ್ತರು ತಿಂತಾರೆ, ಮುಸಲ್ಮಾನರು, ಕ್ರೈಸ್ತರು ತಿಂತಾರೆ. ಐವರಲ್ಲಿ ನಾಲ್ವರು ತಿನ್ನುವ ನಾಡಿನಲ್ಲಿ ಐದನೆಯವನ ಮೂಗು ಕಾನೂನಾಗಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮದ್ಯ, ತಂಬಾಕು ನಿಷೇಧದ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ಸೂಚನೆ ಹೊರಟಿತ್ತು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಮಂಡ್ಯದ ಜನ ಬೀದಿಗಿಳಿದು ಕೇಳಿದರು. ಕೇಳಿದ್ದು ಒಳ್ಳೇದಾಯ್ತು. ಕನ್ನಡ ಅನ್ನೋದು ಕೋಸಂಬರಿ ತಿನ್ನುವವರ ಭಾಷೆ ಮಾತ್ರ ಅಂತ ಯಾರು ತೀರ್ಮಾನ ಮಾಡಿದರು?

ಇನ್ನೊಂದು ಮಾತನ್ನು ನಮ್ಮ ಶೂದ್ರ ಬಂಧುಗಳಿಗೆ ಹೇಳಬೇಕು. ದಕ್ಷಿಣ ಬೆಂಗಳೂರಿನ ಎಷ್ಟೋ ಬಾಡಿಗೆ ಕಟ್ಟಡಗಳು ನಿಮ್ಮವು. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಕದಿರೇನಹಳ್ಳಿ, ಕತ್ರಿಗುಪ್ಪೆ ಇವೆಲ್ಲ ಹಳ್ಳಿಗಳಾಗಿದ್ದವು. ಬಿಟಿಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕರೆದರೇನು, ಒಳಗಿರೋದು ಬೈರಸಂದ್ರ, ತಾವರೆಕೆರೆ, ಮಡಿವಾಳ. ಆ ಊರುಗಳಿಗೆ ಊರಮ್ಮ ಇದ್ದಳು, ಜಾತ್ರೆ ಇತ್ತು, ಮರಿ ಕಡಿಯುತ್ತಿದ್ದರು, ಮನೆಮನೆಯಲ್ಲೂ ಸಾರು ಕುದಿಯುತ್ತಿತ್ತು. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮೂರಂತಸ್ತಾಯಿತು. ಈಗ ನೀವೂ ಸಸ್ಯಾಹಾರಿಗಳಿಗೆ ಮಾತ್ರ ಅಂತ ಬೋರ್ಡು ಹಾಕ್ತೀರಿ. ಒಳಗೆ ನೀವು ಮುದ್ದೆ ನಾಟಿಕೋಳಿ ಸಾರು ಉಣ್ಣುತ್ತಾ ಹೊರಗೆ ಯಾರ ಮೆಚ್ಚುಗೆಗೆ ಈ ಬೋರ್ಡು? ಅವರು ನಿಮ್ಮನ್ನು ಸಾಲಿಗೆ ಸೇರಿಸಿಕೊಂಡರಾ? ನಮ್ಮನ್ನು ಹೊರಗಿಟ್ಟ ಮಾತ್ರಕ್ಕೆ ನೀವು ಒಳಗಾದಿರಾ?

ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆ ಜೆ.ಪಿ. ನಗರ. 1974ರಲ್ಲಿ ಸಂಪೂರ್ಣ ಕ್ರಾಂತಿಗೆ ಕರೆ ಕೊಟ್ಟ ಮನುಷ್ಯ ಅವರು. ಅವರ ಹೆಸರಿನ ಬೀದಿಯಲ್ಲಿ ಒಂದು ಕೋಳಿ ಸಾರು ಕುದಿಸೋಕೆ ನಾವು ಮಾಲೀಕನ ಅಪ್ಪಣೆ ಕೇಳಬೇಕು.

ಇದು ಇವತ್ತಿನದಲ್ಲ. 1917ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲೂ ಓದಿ, ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಇಳಿದುಕೊಳ್ಳಲು ಆ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಗುರುತು ಮರೆಸಿಕೊಂಡು ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಮನೆ ಕೊಡುವವರಿಲ್ಲದೆ ಊರಿನ ಉದ್ಯಾನದಲ್ಲಿ ಕೂತು ರೈಲಿನ ಹೊತ್ತಿಗೆ ಕಾದರು. ಅವರು ಆಗ ಇಪ್ಪತ್ತಾರು ವರ್ಷದವರು, ನಮ್ಮದೇ ವಯಸ್ಸು. ನೂರು ವರ್ಷ ಕಳೆದ ಮೇಲೆ ದೊಣ್ಣೆ ಹೋಗಿದೆ, ಬೋರ್ಡು ಬಂದಿದೆ.

ಕೋರ್ಟೂ ನಮ್ಮ ಕಡೆ ನಿಂತಿಲ್ಲ. 2005ರಲ್ಲಿ ಅಹಮದಾಬಾದಿನ ಒಂದು ಗೃಹ ಸಹಕಾರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂಘವೊಂದು ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡುವ ನಿಯಮ ಇಟ್ಟುಕೊಳ್ಳಬಹುದು ಎಂದಿತು. ಸಣ್ಣ ಸಮುದಾಯವೊಂದು ತನ್ನನ್ನು ಉಳಿಸಿಕೊಳ್ಳುವ ಮಾತು ಬೇರೆ. ಅದೇ ತರ್ಕ ಹಿಡಿದು ಊರನ್ನೆಲ್ಲ ಅಗ್ರಹಾರ ಮಾಡಿದರೆ ಹಟ್ಟಿಯವನು ಎಲ್ಲಿಗೆ ಹೋಗಬೇಕು? 2015ರಲ್ಲಿ ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಲಿನ ಬಾಡಿಗೆ ಮನೆಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಮೇಲ್ಜಾತಿ ಹೆಸರು ಹೇಳಿ ಮನೆ ಕೇಳಿದರೆ ಬಾಗಿಲು ತೆರೆಯಿತು. ದಲಿತ ಹೆಸರು, ಮುಸ್ಲಿಂ ಹೆಸರು ಹೇಳಿದರೆ ಎಷ್ಟೋ ಬಾಗಿಲು ಮುಚ್ಚಿತು, ತೆರೆದ ಕಡೆಯೂ ಎಷ್ಟೋ ಸಲ ಷರತ್ತು ಬೇರೆಯಾಯಿತು. ದೆಹಲಿ ದೂರ ಅನ್ನಬೇಡಿ. ಬನಶಂಕರಿಯ ದೇವರೂ ಅದೇ ಭಾಷೆ ಮಾತಾಡಿದ.

ಈ ಹೊಗೆಯ ಪ್ರಶ್ನೆಯಲ್ಲಿ ನಮ್ಮ ಸಂಗಾತಿಗಳು ಇನ್ನೂ ಇದ್ದಾರೆ. ನಾಗಾಲ್ಯಾಂಡ್, ಮಣಿಪುರ, ಮೇಘಾಲಯದ ಹುಡುಗರು ಹುಡುಗಿಯರು ಇದೇ ಬಿಟಿಎಂ, ಮಡಿವಾಳದ ರೂಮುಗಳಲ್ಲಿ ಇದ್ದಾರೆ. ಹೊಗೆಯಲ್ಲಿ ಇಟ್ಟ ಮಾಂಸ ಅವರ ನಾಡಿನ ನಿತ್ಯದ ಊಟ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆ ಒಂದು ಪುಸ್ತಿಕೆ ಹಂಚಿದರು. ನೆರೆಹೊರೆಯಲ್ಲಿ ಗಲಾಟೆ ಆಗದ ಹಾಗೆ ಕಳಲೆ, ಅಖುನಿಯಂಥ ವಾಸನೆಯ ಅಡುಗೆ ಮಾಡಿಕೊಳ್ಳಿ ಎಂಬ ಬುದ್ಧಿವಾದ ಅದರಲ್ಲಿತ್ತು. ಹೊಡೆಯುವವರಿಗೆ ಹೊಡೀಬೇಡಿ ಅನ್ನಬೇಕಾದ ಪೊಲೀಸರು ಅಡುಗೆ ಮಾಡುವವರಿಗೆ ಮಾಡಬೇಡಿ ಅಂದರು. 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅಷ್ಟು ಜನ ಅಷ್ಟು ಬೇಗ ಗಂಟು ಕಟ್ಟಿದರು ಅಂದರೆ, ಈ ಊರು ಅವರನ್ನು ತನ್ನವರು ಅಂತ ಎಂದೂ ಕೂರಿಸಿಕೊಂಡಿರಲಿಲ್ಲ ಅಂತ ಅರ್ಥ.

ಈಗ ಎದುರಾಳಿಗಳ ಮಾತಿಗೆ ಬರೋಣ. ಅವರದು ಎರಡು ವಾದ.

ಒಂದು: ನಮ್ಮ ಮನೆ, ನಮ್ಮ ಇಷ್ಟ. ಆಗಲಿ. ನೀವು ವಾಸ ಮಾಡುವ ಮನೆಯೊಳಗೆ ನಿಮ್ಮ ಇಷ್ಟ. ನಿಮ್ಮ ಒಲೆ ಮೇಲೆ ಬಾಡು ಇಡಿ ಅಂತ ನಾವು ಕೇಳಲಿಲ್ಲ, ಕೇಳುವುದೂ ಇಲ್ಲ. ಆದರೆ ತಿಂಗಳು ತಿಂಗಳು ದುಡ್ಡು ಎಣಿಸಿಕೊಂಡು ಕೊಡುವ ಮನೆ ವ್ಯಾಪಾರ. ಹತ್ತು ತಿಂಗಳ ಅಡ್ವಾನ್ಸು ಇಸ್ಕೊಂಡ ಮೇಲೆ ಅದು ಪೂಜೆಯ ಕೋಣೆ ಆಗಲ್ಲ. ಹೋಟೆಲಿನವನು ಹೋಟೆಲು ನನ್ನದು, ನಿನಗೆ ಬೇರೆ ಲೋಟ ಅಂದಾಗ ನಮ್ಮ ಹಿರಿಯರು ಒಪ್ಪಿದರಾ? ಬಾವಿ ನನ್ನ ಹೊಲದಲ್ಲಿದೆ ಅಂದಾಗ ಒಪ್ಪಿದರಾ? ಇದನ್ನು ನಾವೂ ಒಪ್ಪಲ್ಲ.

ಎರಡು: ವಾಸನೆ. ನಿಮ್ಮ ಇಂಗಿನ ಒಗ್ಗರಣೆ, ನಿಮ್ಮ ಬೆಳ್ಳುಳ್ಳಿ, ನಿಮ್ಮ ತುಪ್ಪ ಕಾಯಿಸುವ ಘಮ, ನಿಮ್ಮ ಹೋಮದ ಹೊಗೆ, ದೀಪಾವಳಿಯ ಮೂರು ದಿನದ ಗಂಧಕದ ಹೊಗೆ ಇವೆಲ್ಲ ನಮ್ಮ ಮೂಗಿಗೂ ಬರುತ್ತವೆ. ಗೃಹಪ್ರವೇಶಕ್ಕೆ ಹೊಸ ಮನೆ ತುಂಬ ಹೊಗೆ ಎಬ್ಬಿಸಿ ಕಣ್ಣೀರು ಸುರಿಸಿಕೊಂಡು ಪುಣ್ಯ ಅಂತೀರಿ. ನಾವು ಯಾವತ್ತಾದರೂ ಗೇಟಿಗೆ ಬೋರ್ಡು ಹಾಕಿದೆವಾ? ಮೂಗು ಹುಟ್ಟಿನಿಂದ ಏನನ್ನೂ ದ್ವೇಷಿಸಲ್ಲ. ಯಾವುದು ಹೇಸಿಗೆ ಅಂತ ಅದಕ್ಕೆ ಮನೆಯಲ್ಲಿ ಪಾಠ ಆಗುತ್ತೆ. ಅದೇ ಮೂಗು ಅಮೆರಿಕದಲ್ಲಿರುವ ಮಗನ ಮನೆಯ ಹಿತ್ತಿಲಲ್ಲಿ ಬಾರ್ಬೆಕ್ಯು ಹೊಗೆ ಕುಡಿದು ಎಷ್ಟು ಚೆಂದ ಅನ್ನುತ್ತೆ.

ಗೆಳೆಯರೇ, ಈ ವಾಸನೆಯ ಭಯ ಕೊಲ್ಲಲೂ ಬಲ್ಲದು. ಗುಟ್ಟಾಗಿ ಅಡುಗೆ ಮಾಡುವ ಬಾಡಿಗೆದಾರ ಏನು ಮಾಡ್ತಾನೆ? ಕಿಟಕಿ ಮುಚ್ತಾನೆ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕ್ತಾನೆ. ಗ್ಯಾಸಿನ ಒಲೆಯಾದರೆ ಸೆಕೆ, ಕೆಮ್ಮು. ಇದ್ದಿಲು ಹಚ್ಚಿದರೆ ಅದು ಸಾವು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತ ಹೊರುವ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತೆ. ತಲೆನೋವು, ಮಂಪರು, ಆಮೇಲೆ ಏಳೋದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಬೇಡಿ, ಯಾವ ಕಾರಣಕ್ಕೂ ಹಚ್ಚಬೇಡಿ. ವಾಸನೆ ಇರುವ ಬಾಡಿಗೆ ಹೆದರಿ ವಾಸನೆ ಇಲ್ಲದ ವಿಷ ಕುಡಿಯಬೇಡಿ. ಕಿಟಕಿ ತೆಗೆಯಿರಿ. ಪಕ್ಕದವರ ಮೂಗಿಗಿಂತ ನಿಮ್ಮ ಉಸಿರು ದೊಡ್ಡದು.

ನಮ್ಮವ್ವಂದಿರ ಉಸಿರಿನ ಲೆಕ್ಕವೂ ಬಾಕಿ ಇದೆ. ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಗಳ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸರ್ಕಾರ 2016ರಲ್ಲಿ ಉಜ್ವಲಾ ಅಂತ ಗ್ಯಾಸ್ ಯೋಜನೆ ತಂದಿತು. ಸಿಲಿಂಡರ್ ಮುಗಿದರೆ ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಅವ್ವ ಇನ್ನೂ ಸೌದೆಯ ಮುಂದೆಯೇ ಊದುಗೊಳವೆ ಹಿಡಿದು ಕೂತಿದ್ದಾಳೆ. ಹೊಗೆಯ ರುಚಿಯನ್ನು ಹಾಡಿ ಹೊಗಳುವ ನಾವು ಈ ಹೊಗೆಯನ್ನು ಹೊಗಳಲಾರೆವು. ವಾರಕ್ಕೊಮ್ಮೆ ತಾರಸಿಯಲ್ಲಿ ಬೇಕೆಂದು ಎಬ್ಬಿಸುವ ಹೊಗೆ ಬೇರೆ, ದಿನಕ್ಕೆರಡು ಸಲ ಬೇರೆ ದಾರಿಯಿಲ್ಲದೆ ಕುಡಿಯುವ ಹೊಗೆ ಬೇರೆ.

ಇನ್ನು ರೆಕ್ಕೆಯನ್ನು ಹೊಗೆಗೆ ಇಡುವ ಕ್ರಮ. ಸಾವಿರಾರು ರೂಪಾಯಿಯ ಡಬ್ಬ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕೆಜಿ ರೆಕ್ಕೆಗೆ ಎರಡು ಚಮಚ ಉಪ್ಪು, ಅರಿಶಿನ, ಖಾರದ ಪುಡಿ, ಮೆಣಸು, ಅರೆದ ಶುಂಠಿ ಬೆಳ್ಳುಳ್ಳಿ ಹಚ್ಚಿ ಎರಡು ಮೂರು ಗಂಟೆ ತಣ್ಣಗಿರುವ ಕಡೆ ಮುಚ್ಚಿಡಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ, ಒದ್ದೆ ತೊಗಲು ಹೊಗೆ ಹಿಡಿಯಲ್ಲ. ಬಯಲಲ್ಲಿ, ತಾರಸಿಯಲ್ಲಿ, ಹಿತ್ತಿಲಲ್ಲಿ ಅಗಲವಾದ ಕಬ್ಬಿಣದ ಬಾಂಡ್ಲಿ ಇಟ್ಟು ಒಂದು ಮಗ್ಗುಲಿಗೆ ಮಾತ್ರ ಕೆಂಡ ಮಾಡಿ. ಕೆಂಡದ ಮೇಲೆ ಒಣಗಿದ ಮಾವಿನ ಚಕ್ಕೆ ಇಲ್ಲವೇ ಸೀಬೆ ಚಕ್ಕೆ, ತೆಂಗಿನ ಕರಟ. ಬಣ್ಣ ಬಳಿದ ಹಲಗೆ, ಪ್ಲೈವುಡ್ಡು ಹಾಕಬೇಡಿ, ಅದರ ಹೊಗೆ ವಿಷ. ಮೇಲೆ ಜಾಲರಿ, ಕೆಂಡ ಇಲ್ಲದ ಮಗ್ಗುಲಿಗೆ ರೆಕ್ಕೆ. ಗಾಳಿಯಾಡಲು ಸಂದಿ ಬಿಟ್ಟು ದೊಡ್ಡ ಪಾತ್ರೆ ಕವುಚಿ. ಒಳಗಿನ ಶಾಖ 110ರಿಂದ 130 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದೂವರೆ ಗಂಟೆ. ಕೊನೆಗೆ ಐದು ನಿಮಿಷ ಕೆಂಡದ ಮೇಲಕ್ಕೆ ಎಳೆದರೆ ತೊಗಲು ಗರಿಯಾಗುತ್ತೆ. ಮೂಳೆ ಹತ್ತಿರದ ಮಾಂಸ 74 ಡಿಗ್ರಿ ಮುಟ್ಟಬೇಕು. ಶಾಖದ ಕಡ್ಡಿ ಇಲ್ಲದವರು ಕೀಲಿನ ಹತ್ತಿರ ಚುಚ್ಚಿ ನೋಡಿ, ಕೆಂಪು ನೀರು ಬಂದರೆ ಇನ್ನೂ ಬೆಂದಿಲ್ಲ. ಇಷ್ಟೆ. ಬೆಂದ ಮೇಲೆ ಮೊದಲ ಪಾಲು ಅವ್ವನಿಗೆ.

ಈ ಕ್ರಮ ಓದಿದ ಬಾಡಿಗೆದಾರ ಕೇಳ್ತಾನೆ: ತಾರಸಿ ಎಲ್ಲಿದೆ ನಮಗೆ? ಬೀಗದ ಕೈ ಮಾಲೀಕರ ಸೊಂಟದಲ್ಲಿದೆಯಲ್ಲ? ಸರಿಯಾದ ಪ್ರಶ್ನೆ. ಹೊಗೆಗೂ ಭೂಮಿ ಬೇಕು. ಆಸ್ತಿ ಇದ್ದವನಿಗೆ ಆಕಾಶ, ಇಲ್ಲದವನಿಗೆ ಮುಚ್ಚಿದ ಕಿಟಕಿ.

ಒಂದು ಎಚ್ಚರ ನಮ್ಮವರಿಗೂ ಬೇಕು. 1927ರ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಬೇಡಿ ತಿನ್ನುವ ತಂಗಳು ಬಿಡಿ ಅಂತ ನಮ್ಮ ಜನಕ್ಕೆ ಹೇಳಿದರು. ಅದನ್ನು ಹಿಡಿದುಕೊಂಡು ನೋಡಿ, ಅಂಬೇಡ್ಕರೇ ಮಾಂಸ ಬಿಡಿ ಅಂದರು ಅಂತ ವಾದಿಸುವ ಜಾಣರಿದ್ದಾರೆ. ಅವರು ಬಿಡಿಸಿದ್ದು ಎಸೆದದ್ದನ್ನು ಎತ್ತಿಕೊಳ್ಳುವ ಕೈಯ ಅಭ್ಯಾಸ. ದುಡಿದ ದುಡ್ಡಲ್ಲಿ ಕೊಂಡು, ನಮ್ಮ ಒಲೆಯ ಮೇಲೆ, ನಮ್ಮ ಇಷ್ಟದಂತೆ ಬೇಯಿಸಿ ತಲೆಯೆತ್ತಿ ಉಣ್ಣುವುದನ್ನು ಅವರು ಬೇಡ ಅನ್ನಲಿಲ್ಲ. ಸಸ್ಯ ತಿನ್ನುವ ದಲಿತನೂ ನಮ್ಮವನೇ, ತಿನ್ನಲಿ. ಆಯ್ಕೆ ಅವನದಾಗಿರಲಿ, ಮನೆ ಸಿಗಲಿ ಎಂಬ ಹೆದರಿಕೆ ಅವನ ಬದಲು ಆಯ್ಕೆ ಮಾಡದಿರಲಿ.

ನಮ್ಮ ಬೇಡಿಕೆಗಳು ಸ್ಪಷ್ಟ. 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ತಿದ್ದುಪಡಿ ತನ್ನಿ. ಜಾತಿ, ಧರ್ಮ, ಊಟದ ನೆಪದಲ್ಲಿ ಮನೆ ನಿರಾಕರಿಸುವುದು ಅಪರಾಧವಾಗಲಿ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬಾಡಿಗೆ ಬೋರ್ಡುಗಳನ್ನು, ಜಾಹೀರಾತುಗಳನ್ನು ನಿಷೇಧಿಸಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಹಬ್ಬ ಜಯಂತಿಗಳ ದಿನ ಮಾಂಸದಂಗಡಿ ಮುಚ್ಚಿಸುವುದರಲ್ಲಿ ಹಳೆ ಪಾಲಿಕೆ ಬಹಳ ಚುರುಕಾಗಿತ್ತು. ಹೊಸ ಪಾಲಿಕೆಗಳು ಆ ಚುರುಕನ್ನು ಈ ಬೋರ್ಡು ಕೀಳಿಸುವುದರಲ್ಲಿ ತೋರಿಸಲಿ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಮುಂದೆ ಈ ಬೋರ್ಡಿನ ಬೀಜ ಮೊಳೆಯುತ್ತಿರುತ್ತೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಟ್ಟಾಗ ಮಠಾಧೀಶರು ಎದ್ದು ನಿಂತರು. ಮೊಟ್ಟೆ ತಿಂದ ಮಕ್ಕಳೇ ಇನ್ನೂ ಬೇಕು ಅಂದರು. ಇವತ್ತು ರಾಜ್ಯದ ಎಲ್ಲ ಕಡೆ ಶಾಲೆಯಲ್ಲಿ ಮೊಟ್ಟೆ ಇದೆ. ಬಾಡು ತಿನ್ನುವ ಮಗು ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ಉಣ್ಣುತ್ತಿದ್ದರೆ ಅದರ ಪಕ್ಕ ಹೋಗಿ ಕೂತುಕೊಳ್ಳಿ. ಯಾರಾದರೂ ಮೂಗು ಮುಚ್ಚಿದರೆ ಪಾಠ ನಿಲ್ಲಿಸಿ, ಈ ಪಾಠ ಮಾಡಿ.

ವಿದ್ಯಾರ್ಥಿ ಗೆಳೆಯರೇ, ಮನೆ ಕೇಳಲು ಹೋದಾಗ ಏನು ತಿಂತೀರಿ ಅಂತ ಕೇಳಿದರೆ ತಿನ್ನುವುದನ್ನೇ ಹೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಮನೆ ಕೊಡದಿದ್ದರೆ ಯಾಕೆ ಕೊಡಲ್ಲ ಅಂತ ಬರೆದು ಕೊಡಲು ಕೇಳಿ. ಬರೆದು ಕೊಡಲಾರರು. ಬರೆಯಲು ನಾಚಿಕೆಯಾಗುವ ಕಾರಣ ಯಾವುದು ಅಂತ ಅವರೇ ಯೋಚಿಸಲಿ. ಇಂಥ ಬೋರ್ಡು ಎಲ್ಲೆಲ್ಲಿ ಕಂಡಿತೋ ಬೀದಿ, ಬ್ಲಾಕು ಗುರುತು ಹಾಕಿಕೊಳ್ಳಿ. ಆ ಪಟ್ಟಿ ಹಿಡಿದು ನಾವೆಲ್ಲ ಕೂಡಿ ವಿಧಾನಸೌಧದ ಬಾಗಿಲು ಬಡಿಯೋಣ.

ಜೆ.ಪಿ. ನಗರದ ಯಜಮಾನರೇ, ನಿಮ್ಮ ಸ್ಮೋಕರ್ ಉರಿಯಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಕೆಳಗೆ ಹೋಗಿ ಗೇಟಿನ ಬೋರ್ಡು ಕಿತ್ತು ತನ್ನಿ. ಮರದ್ದಾಗಿದ್ದರೆ ಬಣ್ಣ ಕೆರೆದು ಅದನ್ನೂ ಒಳಗೆ ಹಾಕಿ.